ಹನ್ನೆರಡು ವೋಲ್ಟಿನ ಹಗೆ

ಚಿತ್ತವಾಡ್ಗಿಯ ರೇಣುಕಮ್ಮ, ಕೆಟ್ಟದ್ದು ಅಂದವರನ್ನು ಮರೆಯುವ ಹೆಂಗಸಲ್ಲ. ಹೊತ್ತು ಮುಳುಗಿದ ಮೇಲೆ ಅವಳ ಮಿರ್ಚಿ ಅಂಗಡಿಯ ಬಾಣಲೆ ಆರುತ್ತಿತ್ತು, ಹೊಟ್ಟೆಯೊಳಗಿನ ಉರಿ ಆರುತ್ತಿರಲಿಲ್ಲ. ಆ ಉರಿಗೆ ಕಾರಣ ಕೊಟ್ರಬಸಪ್ಪ. ಅಕ್ಕಿ ಗಿರಣಿಯ ಸಾಹುಕಾರ, ಅವಳ ಬಾಡಿಗೆ ಮನೆಯ ಮಾಲೀಕ, ಗೋಡೆಯಾಚೆಯೇ ಅವನ ವಾಸ.

ಹೋದ ಬೇಸಿಗೆಯಲ್ಲಿ ಓಣಿಯ ಕಂಬಕ್ಕೆ ಯಾರೋ ಕೊಕ್ಕೆ ಹಾಕಿ ಕರೆಂಟ್ ಕದಿಯುತ್ತಿದ್ದಾರೆಂದು ಲೈನ್‌ಮನ್ ಗೊಣಗಿದ. ಕೊಟ್ರಬಸಪ್ಪ ತಡಮಾಡದೆ ರೇಣುಕಮ್ಮನ ಗಂಡ ಓಬಳೇಶನ ಕಡೆ ಬೆರಳು ಮಾಡಿದ.

"ವೈರಿನ ಕೆಲ್ಸ ಬಲ್ಲಾಂವ ಇವ್ನೊಬ್ನ. ಇವ್ನ ಕಳ್ಳ!"

ಅಂದವನೇ ಅವರ ಮನೆಗೆ ಬರುವ ವೈರನ್ನು ಓಣಿಯ ಎದುರೇ ಕತ್ತರಿಸಿದ. ಯಶವಂತನಗರದ ಅದಿರು ಲಾರಿಗಳಿಗೆ ವೈರಿಂಗ್ ಮಾಡಿ ಬದುಕಿದ ಓಬಳೇಶ ಮರುತಿಂಗಳು ಎದೆ ಹಿಡಿದುಕೊಂಡು ಸತ್ತ. ಮಣ್ಣಿಗೆ ಬಂದವರೂ 'ಕರೆಂಟ್ ಕಳ್ಳ' ಎಂದೇ ಪಿಸುಗುಟ್ಟಿದರು. ಆ ಹೆಸರನ್ನು ಅಳಿಸದೆ ಸಾಯುವುದಿಲ್ಲ ಎಂದು ರೇಣುಕಮ್ಮ ಹಟ ತೊಟ್ಟಳು.

ಒಂದು ದಿನ ಮಾಳಿಗೆಯ ಮೇಲೆ ಬಟ್ಟೆ ಹರವುವಾಗ ಅವಳಿಗೆ ಕಂಡಿತು: ಸಾಹುಕಾರನ ದನದ ಕೊಟ್ಟಿಗೆಯ ಸೋರೆಬಳ್ಳಿಯ ಅಡಿಯಲ್ಲಿ ಕಂಬದಿಂದ ಬಂದ ಕರಿ ವೈರು, ಮೀಟರಿನ ಕಡೆ ತಲೆಯೂ ಹಾಕದೆ ನೇರ ಮನೆಯೊಳಗೆ ಹೋಗಿತ್ತು. ಹೇಳೋಣವೆಂದರೆ ಕಳ್ಳನ ಹೆಂಡತಿಯ ಮಾತನ್ನು ನಂಬುವವರು ಯಾರು? ಕರೆಂಟ್ ಆಫೀಸಿನವರನ್ನು ಸಾಹುಕಾರನೇ ಕರೆತರಬೇಕು.

ಅಟ್ಟದಲ್ಲಿ ಗಂಡನ ಹಳೆಯ ರೇಡಿಯೊ ಇತ್ತು. ಹೊರಗಿನ ಕರೆಂಟು ಇನ್ನೂರ ಮೂವತ್ತು ವೋಲ್ಟಾದರೂ ಒಳಗಿನ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸುತ್ತದೆ, ಈ ರೇಡಿಯೊದ ಹೊಟ್ಟೆಗೆ ಬೇಕಾದ್ದು ಹನ್ನೆರಡೇ ಎಂದು ಅವನು ಬಿಚ್ಚಿ ತೋರಿಸಿದ್ದ. ಡ್ರೈವರುಗಳ ಮನೆ ರೇಡಿಯೊಗಳನ್ನು ಟ್ರಾನ್ಸ್‌ಫಾರ್ಮರ್ ತೆಗೆದು ಲಾರಿಯ ಬ್ಯಾಟರಿಗೆ ಕೂಡಿಸಿಕೊಡುತ್ತಿದ್ದ. ರೇಣುಕಮ್ಮ ಟ್ರಾನ್ಸ್‌ಫಾರ್ಮರ್ ಕಿತ್ತಳು. ನಡುವೆ ಫ್ಯೂಸಿಟ್ಟು, ಕೆಂಪು ವೈರು ಪ್ಲಸ್ಸಿಗೆ, ಕರಿದು ಮೈನಸ್ಸಿಗೆ ಎಂದು ಗೊಣಗುತ್ತಾ ಚಾರ್ಜ್ ಮಾಡಿಸಿ ತಂದಿದ್ದ ಗಂಡನ ಹಳೆಯ ಲಾರಿ ಬ್ಯಾಟರಿಗೆ ಕೂಡಿಸಿದಳು. ರೇಡಿಯೊ ಗೊರಗೊರ ಎಂದು ಹಾಡಿತು. ಅವಳು ಹಲ್ಲು ಕಚ್ಚಿಕೊಂಡು ನಕ್ಕಳು.

ಮರುದಿನದಿಂದ ಕೊಟ್ರಬಸಪ್ಪ ಲಿಂಗಪೂಜೆಗೆ ಕೂತನೆಂದರೆ ಗೋಡೆಯಾಚೆ ರೇಡಿಯೊ ಒದರುತ್ತಿತ್ತು. ವೈರು ಕತ್ತರಿಸಿದ ಮನೆಯಲ್ಲಿ ಹಾಡೇ! ಸಿಕ್ಕಿಬಿದ್ದಳು ಎಂದು ಹಿಗ್ಗಿದ ಸಾಹುಕಾರ ಕರೆಂಟ್ ಆಫೀಸಿನವರನ್ನು ಕರೆಸಿದ, ಓಣಿಯನ್ನೂ ಸೇರಿಸಿದ.

"ಬರ್ರಿ, ಒಳಗ ಬರ್ರಿ," ಎಂದಳು ರೇಣುಕಮ್ಮ.

ಅಧಿಕಾರಿ ಹುಡುಕಿದರೆ ಸಿಕ್ಕಿದ್ದು ಬ್ಯಾಟರಿ. ಅವನು ಹೊರಡಲು ತಿರುಗಿದಾಗ ಅವಳೆಂದಳು:

"ಇಷ್ಟು ದೂರ ಬಂದೀರಿ. ಸಾವ್ಕಾರ್ರ ಕೊಟ್ಟಿಗಿ ಮ್ಯಾಲ ಸೋರೆಬಳ್ಳಿ ಭಾಳ ಚಂದ ಹಬ್ಬೈತಿ, ನೋಡ್ಕೊಂಡು ಹೋಗ್ರಿ."

ಕೊಟ್ರಬಸಪ್ಪನ ಮುಖ ಸುಣ್ಣವಾಯಿತು. ಬಳ್ಳಿ ಸರಿಸಿದರು, ವೈರು ಎಳೆದರು. ಅವನ ಮನೆಯ ಫ್ಯಾನುಗಳು ನಿಂತವು. ಮುಖ ತಪ್ಪಿಸಿ ಒಳಹೊಕ್ಕು, ಸೆಕೆ ತಾಳದೆ ಗಾಳಿಗೆಂದು ಹೊರಬಂದವನಿಗೆ ಇಡೀ ಓಣಿ ಎದುರಾಯಿತು.

"ಆ ರೇಡಿಯೊ ಬಂದ್ ಮಾಡು, ರೇಣುಕಮ್ಮ," ಎಂದ.

"ನನ್ನ ಗಂಡ ಕಳ್ಳ ಅಲ್ಲ ಅನ್ರಿ, ಮಾಡ್ತೀನಿ."

ಅವನು ನೆಲ ನೋಡುತ್ತಾ ತುಟಿಯಲ್ಲೇ ಏನೋ ಅಂದ.

"ಕೇಳ್ಸಲಿಲ್ರಿ. ರೇಡಿಯೊ ಜೋರೈತಿ."

"ಓಬಳೇಶ ಕಳ್ಳ ಅಲ್ಲ!" ಎಂದು ಅರಚಿದ.

ರೇಣುಕಮ್ಮ ಒಳಗೆ ಹೋಗಿ ರೇಡಿಯೊದ ಕೆಂಪು ವೈರು ಕಿತ್ತು ಬಂದಳು. ಹಾಡು ನಿಂತಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಈಗ ಬಂದ್ ಆತು. ಇನ್ನೊಂದ್ಸಲ ಅನ್ರಿ, ಸಾವ್ಕಾರ್ರ."