ಕಂಬದ ತುದಿಯ ಲಂಗರು

ಹೋದ ವಾರ ಕಿಟಕಿಗೆ ಬಳಿಯಲೆಂದು ತಂದ ಪೇಂಟ್ ಡಬ್ಬಿಯ ಮುಚ್ಚಳ ತೆಗೆದೆ. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಯಶವಂತಪುರದ ಆ ಜಗುಲಿಯೂ ಬೆರಳಿಗೆಲ್ಲ ಕೆಂಪು ಮೆತ್ತಿಕೊಂಡು ಕೂತ ದೊಡ್ಡಮ್ಮನೂ ಕಣ್ಣ ಮುಂದೆ ಬಂದರು...

ಅವರು ನಮ್ಮ ಮನೆಯ ಯಜಮಾನಿ. ಮದುವೆಯಾದ ಹೊಸದರಲ್ಲಿ ನಾವು ಹಿಂದಿನ ಭಾಗದಲ್ಲಿ ಬಾಡಿಗೆಗಿದ್ದೆವು. ಅವರ ಗಂಡ ತೀರಿಕೊಂಡಿದ್ದರು. ಇದ್ದೊಬ್ಬ ಮಗ ನೌಕಾಪಡೆಯಲ್ಲಿದ್ದ. ರಜೆಗೆ ಬಂದವನು ಮೊಳದುದ್ದದ ಮರದ ಹಡಗೊಂದನ್ನು ಕೆತ್ತಿ, ಮಿಕ್ಕ ಬಿಡಿಭಾಗಗಳನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿ, ಮುಂದಿನ ಸಲ ಮುಗಿಸುತ್ತೇನೆಂದು ಹೊರಟುಹೋಗಿದ್ದ. ಅಷ್ಟರಲ್ಲಿ ಅರವತ್ತೈದರ ಯುದ್ಧ ಬಂತು. ಅವನ ಕಾಗದ ನಿಂತಿತು.

ದೊಡ್ಡಮ್ಮ ಅಳುವ ಪೈಕಿಯಲ್ಲ. "ಈ ಸಲ ಗೊಂಬೆ ಹಬ್ಬಕ್ಕೆ ಹಡಗು ಕೂರಿಸ್ಬೇಕು ಕಣೇ, ಬಾ" ಎಂದು ನನ್ನನ್ನು ಎಳೆದು ಕೂರಿಸಿದರು. ಇಬ್ಬರೂ ಸಮುದ್ರ ಕಂಡವರಲ್ಲ. ನಾನು ಕಂಡ ದೊಡ್ಡ ನೀರೆಂದರೆ ಹೆಸರಘಟ್ಟದ ಕೆರೆ. ಹೊಸ್ತಿಲಿಗೆ ಬಳಿಯುವ ಹಾಗೆ ಅಂಚಿಗೆಲ್ಲ ಕೆಂಪು ಬಳಿದು, ಮೇಲೆ ಬಿಳಿ ಎಳೆ ಎಳೆದೆವು. ಅಂಟು ಹಾಕಿ ಕಂಬ ನಿಲ್ಲಿಸಿದೆವು, ಪುಟ್ಟ ದೋಣಿಗಳನ್ನು ಎರಡೂ ಮಗ್ಗುಲಿಗೆ ಕೂರಿಸಿದೆವು. ರೇಡಿಯೋದಲ್ಲಿ ವಾರ್ತೆ ಶುರುವಾದರೆ ಅವರ ಬ್ರಷ್ ನಿಲ್ಲುತ್ತಿತ್ತು.

ಕೊನೆಗೆ ಡಬ್ಬಿಯಲ್ಲಿ ಉಳಿದದ್ದು ಎರಡು ಕೊಕ್ಕೆಯ ಒಂದು ಕಬ್ಬಿಣದ ಚೂರು. ಅದು ಎಲ್ಲಿಗೆಂದು ನನಗೆ ತಿಳಿಯಲಿಲ್ಲ. ದೊಡ್ಡಮ್ಮನಿಗೆ ಅನುಮಾನವೇ ಇಲ್ಲ.

"ಮೆಣಸಿನಕಾಯಿ ಕಟ್ಟೋಕೆ ಕಣೇ. ಅಷ್ಟು ದೊಡ್ಡ ಹಡಗಿಗೆ ದೃಷ್ಟಿ ಆಗಲ್ವಾ?"

ಕಂಬದ ತುದಿಗೆ ಅದನ್ನು ಬಿಗಿದು, ಒಣಮೆಣಸಿನಕಾಯಿ ನೇತುಹಾಕಿದರು.

ಯುದ್ಧ ನಿಂತಿತೆಂದು ರೇಡಿಯೋ ಹೇಳಿತು. ಕಾಗದ ಮಾತ್ರ ಬರಲಿಲ್ಲ. ಹಬ್ಬದ ನಡುವೆ ಒಂದು ಬೆಳಿಗ್ಗೆ, ಗೊಂಬೆ ಮೆಟ್ಟಿಲಿಂದ ಹಡಗನ್ನು ಇಳಿಸಿಕೊಂಡು ಅಂಚಿಗೆ ಇನ್ನೊಂದು ಕೈ ಬಣ್ಣ ಬಳಿಯುತ್ತಿದ್ದೆವು. ಗೇಟು ಸದ್ದಾಯಿತು. ನೋಡಿದರೆ, ಬಿಳಿ ಯೂನಿಫಾರಂನಲ್ಲಿ ಮಗ! ದೊಡ್ಡಮ್ಮ ಬಣ್ಣದ ಕೈಯಲ್ಲೇ ಅವನ ಕೆನ್ನೆ ಸವರಿ ನೆಟಿಗೆ ಮುರಿದರು. ಕೆನ್ನೆಯೆಲ್ಲ ಕೆಂಪು. ನನಗೆ ಹೋದ ಜೀವ ಬಂದಂತಾಯಿತು. ಅಡುಗೆಮನೆಗೆ ಓಡಿ ನಗುತ್ತಲೇ ಅತ್ತೆ.

ಹಡಗು ಕಂಡು ಅವನು ಬಿದ್ದು ಬಿದ್ದು ನಕ್ಕ.

"ಅಮ್ಮಾ, ಇದು ಲಂಗರು! ಹಡಗು ನಿಲ್ಸೋಕೆ ನೀರಿನ ತಳಕ್ಕೆ ಇಳಿಸೋದು. ತುದಿಗೆ ಏರಿಸಿದೀಯಲ್ಲ?"

ದೊಡ್ಡಮ್ಮ ನಗಲಿಲ್ಲ. "ತಳಕ್ಕೆ ಇಳಿಯೋ ಮಾತೇ ಬೇಡಪ್ಪಾ. ಮೇಲೇ ಇರ್ಲಿ."

ಅವನು ಅದನ್ನು ಮುಟ್ಟಲಿಲ್ಲ.

ದೊಡ್ಡಮ್ಮ ಹೋಗಿ ಎಷ್ಟೋ ವರ್ಷವಾಯಿತು. ಮನೆ ಕೆಡವುವ ಮುಂಚೆ ಮಗನೇ ಹಡಗನ್ನು ತಂದು, "ಇದರಲ್ಲಿ ಅರ್ಧ ಕೆಲಸ ನಿಮ್ದೇ ಅಲ್ವಾ ಅಕ್ಕಾ" ಎಂದು ನನ್ನ ಕೈಗಿಟ್ಟ. ಕಿಟಕಿಗೆ ಬಳಿದು ಉಳಿದ ಪೇಂಟನ್ನು ನಿನ್ನೆ ಅದಕ್ಕೂ ಬಳಿದೆ. ಸರಿಯಾಯಿತಾ ಎಂದು ಕೇಳೋಣವೆಂದರೆ ಪಕ್ಕದಲ್ಲಿ ಅವರಿಲ್ಲ...

ಲಂಗರು ಎಲ್ಲಿರಬೇಕೆಂದು ಈಗ ನನಗೂ ಗೊತ್ತು. ಹಳೆಯ ಮೆಣಸಿನಕಾಯಿ ಎಂದೋ ಪುಡಿಯಾಗಿತ್ತು. ಅಡುಗೆಮನೆಯಿಂದ ಹೊಸದೊಂದನ್ನು ತಂದು ಅಲ್ಲೇ, ತುದಿಗೇ ಕಟ್ಟಿದೆ.