ಬಾಗಿಲ ಹಿಂದೆ ಬರೆದ ಎರಡು ಪದ

ಸೂರ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಇಟ್ಟಿಗೆ ಗೂಡಿನ ಕೂಲಿಗಳು ಮನೆ ಬಿಡುವ ಮೊದಲೇ ಊರು ಸೂಜಿಯಕ್ಕ ಎಂದು ಕರೆಯುವ ಮಲೇರಿಯಾ ಕಾರ್ಯಕರ್ತೆ ಬಾಗಿಲು ತಟ್ಟುತ್ತಾರೆ. ಯಾರಿಗಾದರೂ ಜ್ವರವಿದ್ದರೆ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಳ್ಳುತ್ತಾರೆ. ಪ್ರತಿ ಮನೆಯಲ್ಲೂ ಬಾಗಿಲ ಹಿಂದಿನ ಗೋಡೆಯಲ್ಲಿ ಸೀಮೆಸುಣ್ಣದಿಂದ ತಾರೀಖನ್ನೂ ಜ್ವರ ಇದೆಯೋ ಇಲ್ಲವೋ ಎಂಬುದನ್ನೂ ಬರೆಯುತ್ತಾರೆ.

"ರಾತ್ರಿ ಸೊಳ್ಳೆ ಕುಡಿಯುತ್ತೆ, ಬೆಳಗ್ಗೆ ನೀನು. ನಮಗೇನು ಉಳಿಯುತ್ತೆ ಅಕ್ಕಾ?" ಎಂದು ಕೂಲಿಯವನೊಬ್ಬ ಕಿಚಾಯಿಸುತ್ತಾನೆ.

"ನಾಲಿಗೆ ಉಳಿಯುತ್ತಲ್ಲ, ಸಾಕು. ಬೆರಳು ಕೊಡು."

ಹತ್ತೊಂಬತ್ತು ವರ್ಷದಿಂದ ಇದೇ ಓಡಾಟ. ದಿನಕ್ಕೆ ಇಪ್ಪತ್ತು ಮನೆ. ಹದಿನೈದು ದಿನಕ್ಕೊಮ್ಮೆ ಮತ್ತದೇ ಬಾಗಿಲು. ಮಲೇರಿಯಾ ಜಡಿಮಳೆಯಲ್ಲಿ ಅಷ್ಟಾಗಿ ಬರುವುದಿಲ್ಲ, ಮಳೆ ನಿಂತು ನೀರು ಮಡುಗಟ್ಟಿದ ಮೇಲೆ ಮನೆಮನೆಗೆ ನುಗ್ಗುತ್ತದೆ. ಆಗ ದಿನಕ್ಕೆ ಹನ್ನೆರಡು ಪಟ್ಟಿ ತುಂಬುತ್ತವೆ. ಬೇಸಿಗೆಯಲ್ಲಿ ಎರಡಾದರೆ ಹೆಚ್ಚು. ಆ ಲೆಕ್ಕವೇ ಅವರನ್ನು ಮುಳುಗಿಸಿತು.

ಐದು ಬೇಸಿಗೆಯ ಹಿಂದೆ ಸ್ವಂತ ಅಕ್ಕನ ಮನೆಗೆ ಹೋದಾಗ, ಅಕ್ಕನ ಏಳು ವರ್ಷದ ಮಗಳು ಮೈ ಸುಡುತ್ತಾ ಮಲಗಿದ್ದಳು. ಬಿಸಿಲ ಝಳವೆಂದುಕೊಂಡರು. ಜ್ವರವೆಂದು ಬರೆದರೆ ರಕ್ತ ತೆಗೆಯಲೇಬೇಕು. ಸೂಜಿ ಕಂಡು ಮಗು ಅತ್ತಿತು, ಚಿಕ್ಕಮ್ಮ ಸೂಜಿಯನ್ನು ಡಬ್ಬಿಗೆ ಹಾಕಿದರು. ತಾರೀಖಿನ ಪಕ್ಕ 'ಜ್ವರ ಇಲ್ಲ' ಎಂದು ಬರೆದು ಎದ್ದುಬಂದರು. ಐದನೇ ದಿನ ಮಗು ಹೋಯಿತು.

"ಬತ್ತಿದ ಹೊಳೆಯ ಗುಂಡಿಗಳಲ್ಲಿ ನೀರಿತ್ತು. ಸೊಳ್ಳೆ ಹುಳ ಮಿಜಿಮಿಜಿ ಅಂತಿದ್ವು. ನೋಡ್ಕೊಂಡೇ ದಾಟಿ ಹೋಗಿದ್ದೆ. ಬೇಸಿಗೇಲಿ ಏನಾಗುತ್ತೆ ಅನ್ನೋ ಸೊಕ್ಕು ನಂಗೆ," ಎನ್ನುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯನ್ನು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಅಯ್ಯೋ, ಅಂಥ ಬುದ್ಧಿ ಯಾರಿಗೆ ಬೇಕಿತ್ತು!

ಈಗ ಬೇಸಿಗೆಯಲ್ಲೂ ಅವರು ಒಂದು ಮನೆ ಬಿಡುವುದಿಲ್ಲ. ಮೈ ಬೆಚ್ಚಗಿದ್ದರೆ ಸಾಕು, ಮಗು ಎಷ್ಟೇ ರಂಪ ಮಾಡಲಿ, ಚುಚ್ಚಿಯೇ ಚುಚ್ಚುತ್ತಾರೆ. ಕಳೆದ ಬೇಸಿಗೆಯಲ್ಲಿ ಹೀಗೆ ಮಲೇರಿಯಾ ಪತ್ತೆಯಾದ ನಾಲ್ಕು ಮಕ್ಕಳೂ ಬದುಕಿದ್ದಾರೆ.

ಅಕ್ಕನ ಮನೆಗೂ ಹೋಗುತ್ತಾರೆ. ಅಕ್ಕ ಬಾಗಿಲು ತೆರೆಯುತ್ತಾಳೆ, ಜ್ವರವಿದ್ದರೆ ಬೆರಳೂ ಚಾಚುತ್ತಾಳೆ, ಆದರೆ ತುಟಿ ಬಿಚ್ಚುವುದಿಲ್ಲ. ಪ್ರತಿ ವರ್ಷ ಗೋಡೆಗೆ ಸುಣ್ಣ ಬಳಿಯುವಾಗ ಆ ಹಳೇ ತಾರೀಖು, ಆ ಎರಡು ಪದ ಇರುವಷ್ಟು ಜಾಗವನ್ನು ಹಾಗೇ ಬಿಡುತ್ತಾಳೆ. ಹೊಸ ತಾರೀಖನ್ನು ತಂಗಿ ಅದರ ಕೆಳಗೇ ಬರೆಯಬೇಕು.

ನಿಮಗೇನು ಬೇಕು ಎಂದು ಕೇಳಿದರೆ ಸೂಜಿಯಕ್ಕ ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಅದನ್ನ ನಾನಾಗಿ ಅಳಿಸೋಕೆ ಕೈ ಬರಲ್ಲ. ಒಂದಿನ ಅಕ್ಕ ಒಂದು ಬಟ್ಟೆ ಕೊಟ್ಟು 'ಒರೆಸೇ' ಅನ್ನಲಿ. ಅಷ್ಟು ಮಾತಾಡಿದ್ರೂ ಸಾಕು."