ಶನಿವಾರದ ಎಣ್ಣೆ

ತಲೆಗೆ ಎಣ್ಣೆ ಹಚ್ಚುತ್ತೇನೆ ಬನ್ನಿ ಎಂದರೆ ನೀವು ಮೂವರೂ ಅಂಗಳಕ್ಕೆ ಓಡುತ್ತೀರಿ. ಜಿಡ್ಡು, ವಾಸನೆ, ಶಾಲೆಯಲ್ಲಿ ನಗುತ್ತಾರೆ ಎಂದು ನಿಮ್ಮ ನೆಪ. ನಾನು ಯಾಕೆ ಅಷ್ಟು ಹಟ ಮಾಡುತ್ತೇನೆ ಎಂದು ಮೊನ್ನೆ ನಿಮ್ಮಲ್ಲಿ ದೊಡ್ಡವಳು ಕೇಳಿದಳು. ಎದುರು ಕೂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹೊಸಪೇಟೆಯ ಹೊರಗಿನ ಒಂದು ಹುಡುಗರ ಶಾಲೆಯಲ್ಲಿ ಅಡುಗೆ ಕೆಲಸಕ್ಕೆ ಸೇರಿದೆ. ಹುಡುಗರು ಅಲ್ಲೇ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದರು. ನಾನು ಮಲಪನಗುಡಿಯಿಂದ ಬೆಳಿಗ್ಗೆ ಆಟೋ ಹಿಡಿದು ಹೋಗಿ, ರೊಟ್ಟಿ ಬಡಿದು, ಸಂಜೆ ಹೊರಳಿ ಬರುತ್ತಿದ್ದೆ. ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು. ಮೇಷ್ಟ್ರು ಯಾರಾದರೂ ಎದುರಾದರೆ ಸೆರಗು ಸರಿಮಾಡಿಕೊಂಡು ಗೋಡೆಗೆ ಸರಿಯುತ್ತಿದ್ದೆ. ಸಾರಿಗೆ ಉಪ್ಪು ಜಾಸ್ತಿ ಎಂದರೂ ಹೂಂ, ಕಡಿಮೆ ಎಂದರೂ ಹೂಂ.

ಶನಿವಾರ ಅರ್ಧ ದಿನ ಶಾಲೆ, ಊಟವಾದ ಮೇಲೆ ಹುಡುಗರಿಗೆ ತಲೆಸ್ನಾನ. ಸಣ್ಣವರು ಎಣ್ಣೆ ಹಚ್ಚಿಕೊಳ್ಳುತ್ತಿದ್ದುದು ನೋಡಬೇಕಿತ್ತು: ಅಂಗಿಗೆ ಅರ್ಧ, ನೆಲಕ್ಕೆ ಅರ್ಧ. ನೀವೇ ಹಚ್ಚಿಬಿಡಿ ಎಂದು ವಾರ್ಡನ್ ನನಗೆ ಹೇಳಿದರು. ಹಿತ್ತಲಲ್ಲಿ ನೀರಿನ ತೊಟ್ಟಿಯ ಪಕ್ಕ ಬಟ್ಟೆ ಒಗೆಯುವ ಕಲ್ಲಿತ್ತು. ನಾನು ಅದರ ಮೇಲೆ ಕೂರುವುದು, ಹುಡುಗ ನನಗೆ ಬೆನ್ನು ಮಾಡಿ ಕೆಳಗೆ ಕೂರುವುದು.

ಹಾಗೆ ಕೂತರೆ ಅವನ ಮುಖ ನನಗೆ ಕಾಣುವುದಿಲ್ಲ, ನನ್ನದು ಅವನಿಗೆ ಕಾಣುವುದಿಲ್ಲ. ಎರಡು ಸಲ ನೆತ್ತಿ ತಟ್ಟುವಷ್ಟರಲ್ಲಿ ಹುಡುಗರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹಾಸಿಗೆಯಲ್ಲಿ ಉಚ್ಚೆ ಹೊಯ್ದದ್ದು, ಇಂಗ್ಲಿಷ್ ಓದಲು ನಿಂತಾಗ ತೊಡೆ ನಡುಗಿದ್ದು, ಅವ್ವ ನೆನಪಾಗಿದ್ದು. ನಾನೂ ಅಲ್ಲಿ ಸಲೀಸಾಗಿ ಮಾತಾಡುತ್ತಿದ್ದೆ. "ಅಳು ಬಂದ್ರ ಅಳಬೇಕಪ್ಪ, ಎಣ್ಣಿ ಕಣ್ಣಿಗೆ ಹೋತು ಅಂದ್ರಾತು" ಎಂದರೆ ಅಳುತ್ತಿದ್ದವನು ಅಳುತ್ತಲೇ ನಗುತ್ತಿದ್ದ. ಕೇಳಿದ್ದರಲ್ಲಿ ಹೇಳಬೇಕಾದ್ದನ್ನು ವಾರ್ಡನ್ ಹೆಂಡತಿಯ ಕಿವಿಗೆ ಹಾಕುತ್ತಿದ್ದೆ. ಆಕೆ ಗಂಡನಿಗೆ ಹೇಳುತ್ತಿದ್ದರು. ಕಾಟ ಕೊಡುವವನ ಮಂಚ ಬೇರೆ ಕೋಣೆಗೆ ಹೋಗುತ್ತಿತ್ತು.

ಅವರಲ್ಲಿ ಒಬ್ಬ ಸಂಡೂರು ಕಡೆಯವನು. ಅಪ್ಪ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಊರಿಗೆ ಹೋಗಿ ಬಂದ ವಾರ ಈ ಹುಡುಗನ ತಲೆಗೆ ಎಣ್ಣೆ ಹಾಕಿದರೆ ನನ್ನ ಬೆರಳು ಕೆಂಪಾಗುತ್ತಿದ್ದವು, ಅಷ್ಟು ಧೂಳು. "ಏನಪ್ಪ, ಗುಡ್ಡಾನ ಹೊತ್ಕಂಡ್ ಬಂದೀಯಲ್ಲ" ಅಂದರೆ, "ಇನ್ನೂ ಸ್ವಲ್ಪ ಬಿಟ್ಟು ಬಂದೀನ್ರಿ ಅಜ್ಜಿ, ಮುಂದಿನ್ ಸಲ ತರ್ತೀನಿ" ಅನ್ನುತ್ತಿದ್ದ. ಲೆಕ್ಕದಲ್ಲಿ ಚುರುಕು. ತಾನೂ ಲೆಕ್ಕದ ಮೇಷ್ಟ್ರಾಗಬೇಕೆಂದು ನನಗೊಬ್ಬಳಿಗೇ ಹೇಳಿದ್ದ.

ದಸರಾ ರಜೆ ಹತ್ತಿರ ಬಂದಿತ್ತು. ಎಣ್ಣೆ ತಿಕ್ಕುತ್ತಿದ್ದಾಗ ಕೇಳಿದ: "ಅಜ್ಜಿ, ರಜಾದಾಗ ಹುಡುಗ್ರನ್ನ ಇಲ್ಲೇ ಇಟ್ಕಂತಾರೇನ್ರಿ?"

"ಯಾಕಪ್ಪ, ಮನಿ ಬ್ಯಾಡಾಗೈತೇನು?"

ಅವನು ಕಲ್ಲಿನ ಬುಡದ ಪಾಚಿಯನ್ನು ಉಗುರಿನಿಂದ ಕೆರೆಯತೊಡಗಿದ. ಅಷ್ಟರಲ್ಲಿ ಸಾಲಿನಲ್ಲಿ ಹಿಂದೆ ಕಾಯುತ್ತಿದ್ದವನು ಕೂಗಿದ: "ಏಳಲೇ, ನಿಂದೇನ್ ತಲಿನೋ ಕುಂಬಳಕಾಯೋ? ಎಣ್ಣಿ ಎಲ್ಲಾ ನಿನಗ ಆತು!"

"ಬರೋ ಶನಿವಾರ ಹೇಳ್ತೀನ್ರಿ" ಎಂದು ಎದ್ದು ಹೋದ. ಶನಿವಾರ ಬರುತ್ತದಲ್ಲ ಎಂದು ನಾನು ಬಿಟ್ಟೆ.

ಅದೇ ವಾರ ಹೆಡ್‌ಮಾಸ್ಟರು ಯಾವುದೋ ತರಬೇತಿ ಮುಗಿಸಿ ಬಂದಿದ್ದರು. ಒಳ್ಳೆಯ ಮನುಷ್ಯ, ಹುಡುಗರ ಮೇಲೆ ಕೈ ಎತ್ತಿದವರಲ್ಲ. ಓದಿನಷ್ಟೇ ಮಕ್ಕಳ ಮನಸ್ಸೂ ಮುಖ್ಯ ಎಂದು ಎಲ್ಲರಿಗೂ ಹೇಳುತ್ತಿದ್ದರು. ವಾರ್ಡನ್ ಅವರಿಗೆ ಶನಿವಾರದ ಸುದ್ದಿ ಹೇಳಿದ್ದರಂತೆ. ಅಡುಗೆಮನೆ ಬಾಗಿಲಿಗೇ ಬಂದರು.

"ಅಮ್ಮಾ, ನೀವು ಮಾಡ್ತಿರೋದು ದೊಡ್ಡ ಕೆಲಸ. ಅದು ಹಿತ್ತಲಲ್ಲಿ ಯಾಕೆ ನಡೀಬೇಕು? ಈ ಶನಿವಾರ ಹಾಲ್‌ನಲ್ಲಿ ಮಾಡೋಣ. ನಿಮಗೊಂದು ಕುರ್ಚಿ, ಹುಡುಗನಿಗೊಂದು ಕುರ್ಚಿ. ಎದುರುಬದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ರೆ ವಿಶ್ವಾಸ ಹುಟ್ಟುತ್ತೆ. ಏನಂತೀರಿ?"

ಬ್ಯಾಡ್ರಿ ಸರ, ಹಂಗ ಕೂತ್ರ ಯಾರೂ ಮಾತಾಡಂಗಿಲ್ಲ. ಇಷ್ಟೇ ಹೇಳಬೇಕಿತ್ತು. ಹೂಂ ಎಂದೆ.

ಶನಿವಾರ ಹಾಲ್‌ನಲ್ಲಿ ಜಮಖಾನ ಹಾಸಿದ್ದರು. ಹೊಸಪೇಟೆಯಿಂದ ನಾಲ್ಕಾರು ಹಿರಿಯರು ಬಂದು ಸಾಲಾಗಿ ಕೂತಿದ್ದರು, ಒಬ್ಬರು ಫೋಟೋ ತೆಗೆಯುತ್ತಿದ್ದರು. ಎಣ್ಣೆಯನ್ನು ಬೆಳ್ಳಿಯ ಬಟ್ಟಲಲ್ಲಿ ಇಟ್ಟಿದ್ದರು. ಹುಡುಗರು ಒಬ್ಬೊಬ್ಬರಾಗಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತು ತಲೆ ಬಗ್ಗಿಸಿದರು. ನನ್ನ ಅಂಗೈಯಲ್ಲಿ ಎಣ್ಣೆಗಿಂತ ಬೆವರೇ ಹೆಚ್ಚಿತ್ತು. ಹುಡುಗರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಸಂಡೂರಿನ ಹುಡುಗನೂ ಬಂದ. ಕೂತ, ತಲೆ ಎತ್ತಿ ನನ್ನನ್ನೇ ನೋಡಿದ. ನಾನು ಬಟ್ಟಲು ನೋಡಿದೆ. "ಏನಪ್ಪಾ, ಅಜ್ಜಿಗೆ ಏನಾದ್ರೂ ಹೇಳ್ಬೇಕಾ?" ಎಂದು ಹೆಡ್‌ಮಾಸ್ಟರು ಪ್ರೀತಿಯಿಂದಲೇ ಕೇಳಿದರು. "ಏನಿಲ್ರಿ ಸರ" ಎಂದ. ಹಿರಿಯರು ಚಪ್ಪಾಳೆ ತಟ್ಟಿದರು.

ಸಂಜೆ ಅವನನ್ನು ಹುಡುಕಿಕೊಂಡು ಹೋಗಿ ಕೇಳಬಹುದಿತ್ತು. ಆಟೋ ತಪ್ಪುತ್ತದೆ ಎಂದು ಬಂದುಬಿಟ್ಟೆ. ಎರಡು ದಿನ ಕಳೆದು ರಜೆ ಬಂತು, ಹುಡುಗರು ಊರುಗಳಿಗೆ ಹೋದರು. ರಜೆ ಮುಗಿದ ಮೇಲೆ ಎಲ್ಲರೂ ಬಂದರು, ಅವನು ಬರಲಿಲ್ಲ. ಅವನ ಅಪ್ಪ ಬಂದು ಟಿ.ಸಿ. ತೆಗೆದುಕೊಂಡು ಹೋದ ಎಂದು ವಾರ್ಡನ್ ಹೆಂಡತಿ ಹೇಳಿದರು. ಹಾಲ್‌ನ ಕಾರ್ಯಕ್ರಮ ಇನ್ನೊಂದೆರಡು ಸಲ ನಡೆದು ನಿಂತಿತು. ಮತ್ತೆ ಕಲ್ಲಿನ ಮೇಲೆ ಕೂತೆ. ಆದರೆ ಯಾವ ಹುಡುಗ "ಆಮ್ಯಾಲೆ ಹೇಳ್ತೀನಿ" ಎಂದರೂ ಅವನು ಹೇಳುವವರೆಗೆ ತಲೆಯಿಂದ ಕೈ ತೆಗೆಯುತ್ತಿರಲಿಲ್ಲ.

ಆಮೇಲೆ ಅವನನ್ನು ನೋಡಿದ್ದು ಒಂದೇ ಸಲ, ಹೋದ ವರ್ಷ. ಕಂಪ್ಲಿಯಲ್ಲಿ ನಮ್ಮ ನೆಂಟರ ಮನೆಗೆ ಹೋಗಿ, ಅಕ್ಕಿ ಗಿರಣಿಯ ಎದುರು ಬಸ್ಸಿಗೆ ನಿಂತಿದ್ದೆ. ಭತ್ತದ ಲಾರಿಯ ತಾಡಪಾಲು ಬಿಚ್ಚುತ್ತಿದ್ದ ಎತ್ತರದ ಗಂಡಸೊಬ್ಬ, "ಎಣ್ಣಿ ಅಜ್ಜಿ!" ಎಂದು ಕೂಗಿ ಕೆಳಗೆ ಹಾರಿದ. ನಗುವಿನಿಂದ ಗುರುತು ಸಿಕ್ಕಿತು. ಚಹಾ ಕುಡಿಸಿದ. ಮದುವೆಯಾಗಿದೆ, ಒಬ್ಬ ಮಗನಿದ್ದಾನೆ ಎಂದ. ಆ ರಜೆಯಲ್ಲೇ ಅಪ್ಪ ತನ್ನನ್ನು ಟಿಪ್ಪರಿಗೆ ಕ್ಲೀನರ್ ಮಾಡಿಕೊಂಡದ್ದನ್ನೂ ಹೇಳಿದ.

"ಅದನ್ನ ಅವತ್ತ ಹೇಳಬೇಕಂತ ಮಾಡಿದ್ನಿ. ಊರಿಗೆ ಕಳಿಸಬ್ಯಾಡ್ರಿ, ಹೋದ್ರ ಮತ್ತ ಸಾಲಿಗೆ ಬಿಡಂಗಿಲ್ಲ ಅಂತ. ಹೆಡ್‌ಮಾಸ್ಟರ್ ಒಂದ್ ಮಾತ್ ಅಂದಿದ್ರ ನಮ್ಮಪ್ಪ ಕೇಳ್ತಿದ್ದ."

"ಯಾಕ್ ಹೇಳ್ಲಿಲ್ಲಪ್ಪ?"

"ನಿಮ್ ಮಾರಿ ನೋಡಿದ್ನಿ. ನನಗಿಂತ ನೀವ ಭಾಳ ಅಂಜಿದ್ರಿ. ಪಾಪ, ಈ ಮುದುಕಿಗ್ಯಾಕ ತ್ರಾಸು ಅಂತ ಸುಮ್ಕಾದ್ನಿ." ಹಾಗಂದು ಜೋರಾಗಿ ನಕ್ಕ.

ನನಗೆ ನಗಲಾಗಲಿಲ್ಲ. ಅವನೂ ನಗು ನಿಲ್ಲಿಸಿ ಗ್ಲಾಸು ತೊಳೆದಿಟ್ಟ. ಇಬ್ಬರೂ ಎದುರುಬದುರು ನಿಂತಿದ್ದೆವು, ಮತ್ತೆ ಮಾತು ಸಿಗಲಿಲ್ಲ. ಬಸ್ಸು ಬಂತು. ನನ್ನ ಚೀಲ ಹತ್ತಿಸಿಕೊಟ್ಟು ಅವನು ಲಾರಿಯ ಕಡೆ ತಿರುಗಿದ. ಕಿಟಕಿಯಿಂದ ಅವನ ಬೆನ್ನು ಕಂಡಿತು, ತಲೆಯ ತುಂಬ ಭತ್ತದ ಧೂಳು. ಲೆಕ್ಕ ಇನ್ನೂ ನೆನಪೈತೇನಪ್ಪ, ಮಗನ್ನಾದ್ರೂ ಸಾಲಿಗೆ ಕಳಿಸ್ತೀಯಲ್ಲ, ನನ್ನ ಮ್ಯಾಲ ಸಿಟ್ಟಿಲ್ಲಲ್ಲ? ಕೇಳಬೇಕಾದ್ದೆಲ್ಲ ಆಗ ನಾಲಗೆಗೆ ಬಂತು. ಬಸ್ಸು ಹೊರಟಿತ್ತು.